ಇಬ್ಬರು ಬಂದರೋ, ಎರಡು ಬಂತೋ?

(ಮಸ್ಕತ್ತಿನಲ್ಲಿ ಸಂಘದ ಸಂಸ್ಥಾಪನಾ ದಿನಾಚರಣೆಯ ಸಭೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಸಂಸ್ಥಾಪನಾ ದಿನದಂದು ಕನ್ನಡದ ಹಿರಿಮೆಯನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಪದಾಧಿಕಾರಿಗಳು ನಮ್ಮನ್ನು ಕೇಳಿಕೊಂಡರು. ಕನ್ನಡದ ಹಿರಿಮೆಯನ್ನು ನಮಗಿಂತ ಬಲ್ಲವರು ಈ ವೇದಿಕೆಯಿಂದ ಎಷ್ಟೋ ಸಲ ಹೇಳಿದ್ದಾರೆ. ಆದ್ದರಿಂದ ಇಂದು ನಾವು ಕನ್ನಡದಲ್ಲಿ ದಿನನಿತ್ಯ ಮಾಡುವ ಒಂದು ಸಣ್ಣ ವ್ಯಾಕರಣದೋಷದ ವಿಚಾರ ಮಾತನಾಡುತ್ತೇವೆ. ದೋಷ ಸಣ್ಣದು, ಅದರೊಳಗೆ ಅಡಗಿ ಕುಳಿತಿರುವುದು ಸಣ್ಣದಲ್ಲ.

ಮೊದಲು ನಮ್ಮ ಮನೆಯಲ್ಲೇ ನಡೆದ ಒಂದು ಪ್ರಸಂಗ. ಒಂದು ಬೇಸಿಗೆಯ ಮಧ್ಯಾಹ್ನ ಅಡುಗೆಮನೆಯ ನಲ್ಲಿ ಕೆಟ್ಟಿತ್ತು. ಕಟ್ಟಡದ ಕಾವಲುಗಾರನಿಗೆ ಹೇಳಿ ಕಳಿಸಿದ್ದೆವು. ಬಾಗಿಲ ಗಂಟೆ ಬಾರಿಸಿತು. ಆಗ ಆರು ವರ್ಷದವನಾಗಿದ್ದ ನಮ್ಮ ಮಗ ಓಡಿಹೋಗಿ ಬಾಗಿಲು ತೆಗೆದು, ಒಳಗೆ ತಿರುಗಿ ಕೂಗಿ ಹೇಳಿದ: “ಅಮ್ಮಾ, ಬಂಗಾಲಿ ಬಂತು!”

ಬಂದವರು ಚೀಲ ಕೆಳಗಿಟ್ಟು, ಚಪ್ಪಲಿ ಬಿಟ್ಟು, ಒಳಗೆ ಬಂದು ನಕ್ಕರು. “ನಾ ಬಂಗಾಲಿ ಅಲ್ರೀ ಅಕ್ಕೋರ, ಬೀದರ್ ಕಡೀಂವ” ಎಂದರು. ನಮ್ಮ ಮುಖ ಕೆಂಪಗಾಯಿತು. ಮಗನನ್ನು ಗದರಿಸಲು ಹೊರಟಾಗ ಅವರೇ ತಡೆದರು: “ಸಣ್ಣ ಕೂಸದ, ಬಿಡ್ರಿ. ಎಲ್ಲಾರೂ ಹಂಗೇ ಅಂತಾರ.”

ನಲ್ಲಿ ಸರಿಯಾಯಿತು. ಅವರಿಗೆ ಚಹಾ ಕೊಟ್ಟೆವು, ಊರಿನ ಸುದ್ದಿ ಕೇಳಿದೆವು, ಹೋಗುವಾಗ “ಬರ್ತಾ ಇರಿ” ಎಂದೂ ಹೇಳಿದೆವು. ರಾತ್ರಿ ಮಲಗಿದಾಗ ಒಂದು ಯೋಚನೆ ಕಾಡಿತು. ನಾವು ನಾಚಿದ್ದು ಯಾವುದಕ್ಕೆ? ಬಂದವರು ಕನ್ನಡಿಗರು, ನಮ್ಮ ಮಾತು ಅವರಿಗೆ ತಿಳಿಯಿತು ಎಂಬ ಕಾರಣಕ್ಕೆ. ಅವರು ನಿಜವಾಗಿ ಬಂಗಾಲಿಯೇ ಆಗಿದ್ದರೆ? ನಾಚುತ್ತಿರಲಿಲ್ಲ. ಚಹಾ ಕೂಡ ಕೊಡುತ್ತಿರಲಿಲ್ಲವೇನೋ. ಈ ಎರಡನೆಯ ಮಾತೇ ಇಂದಿನ ನಮ್ಮ ಭಾಷಣದ ವಿಷಯ.

ಬಂಧುಗಳೇ, ಮಗ ಆ ಮಾತನ್ನು ಶಾಲೆಯಲ್ಲಿ ಕಲಿಯಲಿಲ್ಲ, ನಮ್ಮಿಂದ ಕಲಿತ. “ಸಾಮಾನು ಇಳಿಸೋದಕ್ಕೆ ಎರಡು ಲೇಬರ್ ಕಳಿಸಿ” ಎಂದು ನಾವು ಫೋನಿನಲ್ಲಿ ಹೇಳುವುದನ್ನು ಅವನು ನೂರು ಸಲ ಕೇಳಿದ್ದಾನೆ. ಕನ್ನಡ ವ್ಯಾಕರಣ ಏನು ಹೇಳುತ್ತದೆ? ಮನುಷ್ಯರಾದರೆ ಒಬ್ಬ, ಇಬ್ಬರು, ಮೂವರು. ವಸ್ತುವಾದರೆ ಒಂದು, ಎರಡು, ಮೂರು. ಇಬ್ಬರು ಎಂಜಿನಿಯರು, ಇಬ್ಬರು ಡಾಕ್ಟರು, ಆದರೆ ಎರಡು ಲೇಬರು! ಎರಡು ಕುರ್ಚಿ, ಎರಡು ಸಿಲಿಂಡರು, ಎರಡು ಲೇಬರು. ಯಾವ ಬೈಗುಳವೂ ಇಲ್ಲ, ಸಿಟ್ಟೂ ಇಲ್ಲ, ದ್ವೇಷವೂ ಇಲ್ಲ. ಮನುಷ್ಯನನ್ನು ಸಾಮಾನಿನ ಸಾಲಿಗೆ ಸೇರಿಸಿಬಿಟ್ಟಿದ್ದೇವೆ, ಅಷ್ಟೆ. ಸಿಟ್ಟಿನಿಂದ ಹೇಳಿದ್ದರೆ ನಮಗೇ ಗೊತ್ತಾಗುತ್ತಿತ್ತು. ತಣ್ಣಗೆ ಹೇಳಿದ್ದರಿಂದ ಗೊತ್ತಾಗಲಿಲ್ಲ.

ಈ ಲೆಕ್ಕ ಮಸ್ಕತ್ತಿನಲ್ಲಿ ಹುಟ್ಟಿದ್ದಲ್ಲ ಎಂಬುದನ್ನೂ ಒಪ್ಪಿಕೊಳ್ಳಬೇಕು. ಊರಿನಿಂದ ಉಪ್ಪಿನಕಾಯಿಯ ಜಾಡಿಯ ಜೊತೆಗೆ ಅದನ್ನೂ ಕಟ್ಟಿಕೊಂಡು ಬಂದೆವು. “ನಾಳೆ ನಾಟಿಗೆ ಹತ್ತು ಆಳು ಬೇಕು” ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಎಪ್ಪತ್ತು ವರ್ಷದ ಆಳನ್ನು ಏಳು ವರ್ಷದ ಒಡೆಯನ ಮಗ “ಬಾರೋ” ಎಂದು ಕರೆಯುತ್ತಿದ್ದ. ಅಲ್ಲಿ ಜಾತಿ ಮಾಡಿದ ಕೆಲಸವನ್ನು ಇಲ್ಲಿ ದೇಶದ ಹೆಸರು ಮಾಡುತ್ತಿದೆ. ಕನ್ನಡದಲ್ಲಿ ‘ಅದು’ ಎನ್ನುವುದೆಲ್ಲ ತಿರಸ್ಕಾರವಲ್ಲ, ನಿಜ. ಬೀದರಿನ ಆ ಅಣ್ಣ ನಮ್ಮ ಮಗನನ್ನು “ಕೂಸದ” ಎಂದರಲ್ಲ, ಅದೂ ಅದೇ ‘ಅದು’. ಆದರೆ ಅಲ್ಲಿದ್ದುದು ಅಕ್ಕರೆ. ನಮ್ಮ ಮಗ ಅವರನ್ನು “ಬಂತು” ಎಂದಾಗ ಇದ್ದುದು ಅಕ್ಕರೆಯಲ್ಲ.

ಇನ್ನು ಹೆಸರುಗಳ ವಿಚಾರ. ಊರಿನ ಹೆಸರು ಬೈಗುಳವಾಗುವುದನ್ನು ಗಮನಿಸಿದ್ದೀರಾ? ಕೊಂಗುನಾಡು ಎಂದರೆ ಕೊಯಮತ್ತೂರು, ಈರೋಡು, ಸೇಲಂ ಕಡೆಯ ಸೀಮೆ. ಅದರಿಂದ ‘ಕೊಂಗ’ ಎಂಬ ಹೀಯಾಳಿಕೆ ಮಾಡಿದೆವು. ಹಬಶ್ ಎಂದರೆ ಅರಬ್ಬಿಯಲ್ಲಿ ಇಥಿಯೋಪಿಯಾ ದೇಶ. ಅದರಿಂದ ‘ಹಬ್ಸಿ’ ಆಯಿತು. ಕಾವಲುಗಾರ ಯಾವ ಊರಿನವನಾದರೂ ‘ಗೂರ್ಖ’. ನಲ್ಲಿ ರಿಪೇರಿಗೆ ಬಂದವನು ಎಲ್ಲಿಯವನಾದರೂ ‘ಬಂಗಾಲಿ’. ನಮ್ಮ ರಾಷ್ಟ್ರಗೀತೆಯನ್ನೂ ಬಾಂಗ್ಲಾದೇಶದ ರಾಷ್ಟ್ರಗೀತೆಯನ್ನೂ ಬರೆದ ರವೀಂದ್ರನಾಥ ಠಾಕೂರರೂ ಬಂಗಾಲಿಯೇ. ತಾರುಣ್ಯದಲ್ಲಿ ಅವರು ಕೆಲಕಾಲ ಕಾರವಾರದಲ್ಲಿದ್ದರೆಂಬ ನೆನಪಿಗೆ ಅಲ್ಲಿನ ಕಡಲತೀರಕ್ಕೆ ಅವರ ಹೆಸರನ್ನೇ ಇಟ್ಟಿದ್ದೇವೆ. ಆದರೆ ರೂವಿಯ ಬೀದಿಯಲ್ಲಿ ‘ಬಂಗಾಲಿ’ ಎಂದಾಗ ನಮಗೆ ರವೀಂದ್ರರು ನೆನಪಾಗುವುದಿಲ್ಲ.

ಇದೇ ಬಾಣ ನಮ್ಮ ಕಡೆಗೂ ತಿರುಗುತ್ತದೆ. ಅರಬ್ಬಿಯಲ್ಲಿ ‘ಹಿಂದಿ’ ಎಂದರೆ ಭಾರತೀಯ, ಅಷ್ಟೆ. ಆದರೆ ಅರಬ್ ನಾಡುಗಳ ಕೆಲವೆಡೆ ಯಾರಾದರೂ ಮೋಸ ಮಾಡಲು ಬಂದರೆ “ನನ್ನನ್ನು ಹಿಂದಿ ಎಂದುಕೊಂಡೆಯಾ?” ಎಂದು ಕೇಳುವ ರೂಢಿ ಇದೆ, ಅಂದರೆ, “ನಾನೇನು ದಡ್ಡನೇ?” ಎಂದರ್ಥ. ಇದನ್ನು ಮೊದಲ ಸಲ ಕೇಳಿದಾಗ ನಮ್ಮ ಎದೆ ಚುಚ್ಚಿತು. ‘ರಫೀಕ್’ ಎಂದರೆ ಸ್ನೇಹಿತ. ಎಷ್ಟು ಸುಂದರವಾದ ಮಾತು! ಆದರೆ ಬೀದಿ ಗುಡಿಸುವವನನ್ನು ದೂರದಿಂದ ಕೈಬೀಸಿ ಕರೆಯುವಾಗ ಬರುವ ‘ರಫೀಕ್’ನಲ್ಲಿ ಸ್ನೇಹವಿರುವುದಿಲ್ಲ. ಒಳ್ಳೆಯ ಮಾತಿಗೂ ಹೀಗೆ ತುಕ್ಕು ಹಿಡಿಯುತ್ತದೆ.

ಮತ್ತೊಂದು ಬಗೆಯ ಮಾತುಗಳಿವೆ. ಇವು ಬೈಯುವುದಿಲ್ಲ, ಮುಚ್ಚಿಡುತ್ತವೆ. ‘ಬ್ಯಾಚುಲರ್’ ಎಂಬುದನ್ನೇ ನೋಡಿ. ನಿಘಂಟಿನಲ್ಲಿ ಅದಕ್ಕೆ ಬ್ರಹ್ಮಚಾರಿ ಎಂಬ ಅರ್ಥ. ಗಲ್ಫಿನಲ್ಲಿ ಅದು ಬೇರೆ. ಊರಿನಲ್ಲಿ ಹೆಂಡತಿ, ಮೂವರು ಮಕ್ಕಳು, ಮುದಿ ತಾಯಿ ಇರುವ ಐವತ್ತರ ಮನುಷ್ಯನೂ ಇಲ್ಲಿ ‘ಬ್ಯಾಚುಲರ್’. ಏಕೆಂದರೆ ಹೆಂಡತಿ ಮಕ್ಕಳನ್ನು ಕರೆತಂದು ಸಾಕುವಷ್ಟು ಸಂಬಳ ಅವನಿಗಿಲ್ಲ. ಅವನ ಬಡತನವನ್ನು ಹೇಳುವ ಬದಲು ಆ ಮಾತು ಅವನ ಸಂಸಾರವನ್ನೇ ಅಳಿಸಿಹಾಕಿತು. ಬಳಿಕ “ಇಲ್ಲಿ ಸಂಸಾರವಂದಿಗರಿಗೆ ಮಾತ್ರ ಮನೆ ಕೊಡಲಾಗುವುದು” ಎಂದು ಜಾಹೀರಾತು ಹಾಕುವುದು ಸುಲಭವಾಯಿತು. ನಮಗೂ ಅದು ಸಹಜವೆನಿಸಿತು. ಸಂಸಾರವಿರುವವನನ್ನೇ ಸಂಸಾರವಿಲ್ಲದವನೆಂದು ಕರೆದು ಹೊರಗಿಟ್ಟೆವೆಂದು ನಮಗೆ ಅನಿಸಲೇ ಇಲ್ಲ.

ಹಾಗೆಯೇ ‘ಪರಾರಿ’. ಕೆಲಸ ಬಿಟ್ಟು ಹೋದವನನ್ನು ಹೀಗೆ ಕರೆಯುತ್ತೇವೆ. ಕನ್ನಡದಲ್ಲಿ ಪರಾರಿಯಾಗುವವನು ಕಳ್ಳ, ಕೊಲೆಗಡುಕ. ನಾಲ್ಕು ತಿಂಗಳು ಸಂಬಳ ಬಾರದೆ ಹೊರಟವನೂ, ಗಲ್ಲಾಪೆಟ್ಟಿಗೆ ಹೊತ್ತುಕೊಂಡು ಓಡಿದವನೂ ಈ ಒಂದೇ ಮಾತಿನೊಳಗೆ ಸೇರಿಬಿಡುತ್ತಾರೆ. ಹೋದವನ ಹೆಸರು ಮಾತಿನಲ್ಲಿದೆ. ಹೋಗುವಂತೆ ಮಾಡಿದವನ ಸುಳಿವೇ ಇಲ್ಲ. ಒಮಾನಿನ ಕಾನೂನು ಈ ವಿಚಾರದಲ್ಲಿ ಮುಂದೆ ನಡೆದಿದೆ. 2021ರ ಜನವರಿಯಿಂದ, ಗುತ್ತಿಗೆಯ ಅವಧಿ ಮುಗಿಸಿದ ನೌಕರ ಹಳೆಯ ಮಾಲೀಕನ ಎನ್.ಒ.ಸಿ. ಪತ್ರವಿಲ್ಲದೆ ಬೇರೆ ಕಡೆ ಸೇರಬಹುದು. 2023ರಲ್ಲಿ ಹೊಸ ಕಾರ್ಮಿಕ ಕಾಯಿದೆಯೂ ಬಂತು. ಜೂನ್‌ನಿಂದ ಆಗಸ್ಟ್‌ವರೆಗೆ ಮಧ್ಯಾಹ್ನ 12-30ರಿಂದ 3-30ರವರೆಗೆ ಬಿಸಿಲಿನಲ್ಲಿ ದುಡಿಸಬಾರದೆಂಬ ನಿಯಮವೂ ಇದೆ. ಅವನಿಗೂ ಮೈ ಇದೆ, ಆ ಮೈ ಸುಡುತ್ತದೆ ಎಂಬುದನ್ನು ಕಾನೂನು ಕಂಡಿದೆ. ನಮ್ಮ ನಾಲಿಗೆ ಇನ್ನೂ ಕಂಡಿಲ್ಲ.

ಮನೆಯ ಮಾತು ಹೀಗಾದರೆ ಪತ್ರಿಕೆಯ ಮಾತು ಹೇಗಿದೆ? ಗಲ್ಫಿನ ಪತ್ರಿಕೆಗಳಲ್ಲಿ “ಏಷ್ಯನ್ ಬಂಧನ” ಎಂಬಂಥ ಸುದ್ದಿ ನಾವೆಲ್ಲ ಓದಿದ್ದೇವೆ. ಯಾವ ದೇಶಕ್ಕೂ ಮುಜುಗರವಾಗದಿರಲೆಂದು ಹಾಗೆ ಬರೆಯುತ್ತಾರೆನ್ನುತ್ತಾರೆ. ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಮಕ್ಕಳೇ, ಭೂಪಟ ತೆಗೆದು ನೋಡಿ. ಒಮಾನ್ ಇರುವುದೂ ಏಷ್ಯಾ ಖಂಡದಲ್ಲೇ! ಹಾಗಾದರೆ ಆ ಸುದ್ದಿಯ ‘ಏಷ್ಯನ್’ ಭೂಗೋಳದ ಮಾತಲ್ಲ, ಅಂತಸ್ತಿನ ಮಾತು.

ನಮ್ಮ ಕನ್ನಡದ ಪತ್ರಿಕೆಗಳೂ ವಾಹಿನಿಗಳೂ ಇದಕ್ಕೆ ಹೊರತಲ್ಲ. ಬೆಂಗಳೂರಿನಲ್ಲಿ ಸ್ಥಳೀಯನೊಬ್ಬ ಮಾದಕವಸ್ತು ಮಾರಿ ಸಿಕ್ಕಿಬಿದ್ದರೆ ‘ಆರೋಪಿಯ ಬಂಧನ’. ಆಫ್ರಿಕಾದವನು ಸಿಕ್ಕಿಬಿದ್ದರೆ ದೇಶದ ಹೆಸರು ತಲೆಬರಹಕ್ಕೇ ಏರುತ್ತದೆ. ಒಂದೊಂದು ಸುದ್ದಿಯೂ ನಿಜವೇ ಇರಬಹುದು. ಆದರೆ ವರ್ಷಗಟ್ಟಲೆ ಹೀಗೆ ಓದಿದವನ ಮನಸ್ಸಿನಲ್ಲಿ ಕೊನೆಗೆ ಉಳಿಯುವುದು ಸುದ್ದಿಯಲ್ಲ, ಒಂದು ಬಣ್ಣ. ನೆದರ್‌ಲೆಂಡ್ಸ್ ದೇಶದ ವಿದ್ವಾಂಸ ವಾನ್ ಡೈಕ್ ಎಂಬವರು 1980 ಮತ್ತು 90ರ ದಶಕಗಳಲ್ಲಿ ಐರೋಪ್ಯ ಪತ್ರಿಕೆಗಳನ್ನು ಜಾಲಾಡಿ ಇದನ್ನೇ ತೋರಿಸಿಕೊಟ್ಟರು. ಹೊರಗಿನಿಂದ ಬಂದವರು ಪತ್ರಿಕೆಯಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವುದು ಅಪರಾಧದ ಮತ್ತು ತೊಂದರೆಯ ಸುದ್ದಿಯಲ್ಲಿ. ಅವರ ಬಗ್ಗೆ ಬೇರೆಯವರು ಮಾತನಾಡುತ್ತಾರೆ, ಅವರದೇ ಮಾತು ಅಚ್ಚಾಗುವುದು ಅಪರೂಪ ಎಂದರು.

ಇದರಿಂದ ಏನಾಗುತ್ತದೆ ಎಂಬುದಕ್ಕೆ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡೋಣ. 2009ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಭಾರತೀಯ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಅಲ್ಲಿನ ಪೊಲೀಸರು ಇವುಗಳಲ್ಲಿ ಹೆಚ್ಚಿನವು ಸಮಯಸಾಧಕ ದರೋಡೆಗಳು ಎಂದರು. ನಮ್ಮ ದೇಶವೆಲ್ಲ ಕೆರಳಿತು. “ಜನಾಂಗದ್ವೇಷವನ್ನು ದರೋಡೆ ಎಂದು ಮುಚ್ಚಿಹಾಕುತ್ತಿದ್ದಾರೆ” ಎಂದೆವು. ನಾವು ಕೆರಳಿದ್ದು ನ್ಯಾಯವೇ ಆಗಿತ್ತು.

2016ರ ಜನವರಿ 31ರ ರಾತ್ರಿ, ನಮ್ಮದೇ ಬೆಂಗಳೂರಿನ ಹೆಸರಘಟ್ಟ ರಸ್ತೆಯ ಬಳಿ, ಸುಡಾನ್ ದೇಶದ ವಿದ್ಯಾರ್ಥಿಯೊಬ್ಬನ ಕಾರು ಬಡಿದು ಸ್ಥಳೀಯ ಮಹಿಳೆಯೊಬ್ಬರು ಸತ್ತರು. ಘೋರ ದುರಂತ, ಜನ ಕೆರಳಿದರು. ಸ್ವಲ್ಪ ಹೊತ್ತಿನ ಬಳಿಕ ಏನೂ ಅರಿಯದೆ ಸ್ನೇಹಿತರೊಡನೆ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳನ್ನು ಗುಂಪು ಕಾರಿನಿಂದೆಳೆದು ಹೊಡೆಯಿತು. ಬಟ್ಟೆ ಹರಿಯಿತು. ಕಾರಿಗೆ ಬೆಂಕಿ ಬಿತ್ತು. ಅಪಘಾತಕ್ಕೂ ಆಕೆಗೂ ಯಾವ ಸಂಬಂಧವೂ ಇರಲಿಲ್ಲ. ಆಗಿನ ನಮ್ಮ ರಾಜ್ಯದ ಗೃಹಸಚಿವರು ಏನೆಂದರು? ಇದು ಜನಾಂಗೀಯ ಹಲ್ಲೆಯಲ್ಲ, ಮೊದಲು ನಡೆದ ಅಪಘಾತಕ್ಕೆ ಬಂದ ಪ್ರತಿಕ್ರಿಯೆ ಎಂದರು.

‘ಪ್ರತಿಕ್ರಿಯೆ’! ಎಷ್ಟು ಸೌಮ್ಯವಾದ ಮಾತು. ಆದರೆ ಯಾರಿಗೆ ಪ್ರತಿಕ್ರಿಯೆ? ಸುಡಾನಿನ ರಾಜಧಾನಿಯಿಂದ ತಾಂಜಾನಿಯಾದ ದಾರ್ ಎಸ್ ಸಲಾಮಿಗೆ ಎರಡು ಸಾವಿರ ಕಿಲೋಮೀಟರಿಗೂ ಮೀರಿದ ದೂರ. ದೇಶ ಬೇರೆ, ಭಾಷೆ ಬೇರೆ. ಆ ಚಾಲಕನಿಗೂ ಈ ಹುಡುಗಿಗೂ ಆ ಗುಂಪು ಕಂಡ ನಂಟು ಒಂದೇ, ಮೈಬಣ್ಣ. ಆ ಬಣ್ಣವನ್ನು ‘ಪ್ರತಿಕ್ರಿಯೆ’ ಎಂಬ ಮಾತು ಮುಚ್ಚಿಬಿಟ್ಟಿತು. ಮೆಲ್ಬರ್ನ್‌ನ ಪೊಲೀಸರಿಗೆ ನಾವು ಕೇಳಿದ ಪ್ರಶ್ನೆಯನ್ನು ಬೆಂಗಳೂರಿಗೆ ನಮ್ಮಲ್ಲಿ ಎಷ್ಟು ಮಂದಿ ಕೇಳಿದೆವು?

ಒಮಾನಿನಲ್ಲಿರುವ ನಮಗೆ ಆ ಹುಡುಗಿ ದೂರದವಳಲ್ಲ. ಜಂಜಿಬಾರ್ ದ್ವೀಪ ಇರುವುದು ತಾಂಜಾನಿಯಾದಲ್ಲೇ. ಹತ್ತೊಂಬತ್ತನೆಯ ಶತಮಾನದಲ್ಲಿ ಸುಲ್ತಾನ್ ಸಯ್ಯದ್ ಸಯೀದ್ ತಮ್ಮ ಆಸ್ಥಾನವನ್ನೇ ಅಲ್ಲಿಗೆ ಒಯ್ದಿದ್ದರು. 1964ರ ಕ್ರಾಂತಿಯ ನಂತರ, ಮುಖ್ಯವಾಗಿ 1970ರಲ್ಲಿ ಸುಲ್ತಾನ್ ಕಾಬೂಸ್ ಪಟ್ಟಕ್ಕೆ ಬಂದ ಮೇಲೆ, ಅಲ್ಲಿಂದ ಅನೇಕ ಕುಟುಂಬಗಳು ಒಮಾನಿಗೆ ಮರಳಿದವು. ಇಂದಿಗೂ ಮಸ್ಕತ್ತಿನ ಕಚೇರಿಗಳಲ್ಲಿ, ಮನೆಗಳಲ್ಲಿ ಸ್ವಾಹಿಲಿ ಕೇಳಿಸುತ್ತದೆ. ಅಂಥವರ ಮನೆಯಲ್ಲಿ ನಾವು ಖರ್ಜೂರ ತಿಂದು ಕಹ್ವಾ ಕುಡಿದಿದ್ದೇವೆ, ಈದ್ ಹಬ್ಬದಲ್ಲಿ ಕೈಕುಲುಕಿದ್ದೇವೆ. ಅವರಲ್ಲಿ ಅನೇಕರ ಮೈಬಣ್ಣವೂ ಆ ಹುಡುಗಿಯ ಮೈಬಣ್ಣವೂ ಒಂದೇ. ಇಲ್ಲಿ ಆ ಬಣ್ಣದ ಎದುರು ವಿನಯದಿಂದ ನಿಲ್ಲುವ ನಾವು ಊರಿಗೆ ಹೋದಾಗ “ಆ ಕರಿಯರಿಗೆ ಮನೆ ಬಾಡಿಗೆಗೆ ಕೊಡಬೇಡಿ” ಎಂದು ಅಣ್ಣತಮ್ಮಂದಿರಿಗೆ ಸಲಹೆ ಕೊಟ್ಟು ಬರುತ್ತೇವೆ. ಹಾಗಾದರೆ ಆ ವಿನಯ ಮನುಷ್ಯನಿಗೋ, ಅವನ ಅಧಿಕಾರಕ್ಕೋ?

ಇದೇ ಸಮುದ್ರ ನಮ್ಮ ಕರಾವಳಿಗೂ ಆಫ್ರಿಕಾದ ಜನರನ್ನು ತಂದಿದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಜೋಯಿಡಾ ಕಡೆಯ ಕಾಡಿನಂಚಿನಲ್ಲಿರುವ ಸಿದ್ದಿಯರ ಪೂರ್ವಜರಲ್ಲಿ ಬಹುಮಂದಿ ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಗೋವೆಗೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಕಾಡು ಸೇರಿದವರು. ಅವರಲ್ಲಿ ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಅವರು ಕೊಂಕಣಿಯನ್ನೂ ಕನ್ನಡವನ್ನೂ ಆಡುತ್ತಾರೆ. ಶತಮಾನಗಳಿಂದ ನಮ್ಮ ನಾಡಿನವರು. ಆದರೂ ಬೆಂಗಳೂರಿಗೆ ಬಂದ ಸಿದ್ದಿ ಹುಡುಗನಿಗೆ “ನಿನ್ನ ದೇಶ ಯಾವುದು? ಕನ್ನಡ ಎಲ್ಲಿ ಕಲಿತೆ?” ಎಂಬ ಪ್ರಶ್ನೆ ತಪ್ಪುವುದಿಲ್ಲ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. 2020ರಲ್ಲಿ ಶಾಂತಾರಾಮ ಸಿದ್ದಿಯವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮುದಾಯದಿಂದ ಶಾಸನಸಭೆ ಮುಟ್ಟಿದ ಮೊದಲಿಗರು ಅವರು.

ಹೊಗಳಿಕೆಯಲ್ಲೂ ಇದೇ ಕುರುಡು ಇರಬಲ್ಲದು. 1980ರ ದಶಕದ ಕೊನೆಯಲ್ಲಿ ಸರ್ಕಾರ ಸಿದ್ದಿ ಮಕ್ಕಳನ್ನು ಆಯ್ದು ಓಟ, ಜಿಗಿತಗಳಲ್ಲಿ ತರಬೇತಿ ಕೊಟ್ಟಿತು. ಕೆಲವರು ಪದಕಗಳನ್ನೂ ಗೆದ್ದರು. ಕೆಲವು ವರ್ಷಗಳಲ್ಲಿ ಯೋಜನೆ ನಿಂತುಹೋಯಿತು. ಅವಕಾಶ ಕೊಟ್ಟದ್ದು ಒಳ್ಳೆಯದೇ. ಆದರೆ “ಅವರ ರಕ್ತದಲ್ಲೇ ಓಟವಿದೆ” ಎಂದು ನಾವು ಹೇಳುವಾಗ ಆ ಮಗುವಿನ ಬೆವರನ್ನು ಮರೆತೆವು. ಅದು ಡಾಕ್ಟರಾಗಬಹುದು, ಮೇಷ್ಟರಾಗಬಹುದು ಎಂಬುದನ್ನೂ ಮರೆತೆವು.

ಕೊನೆಗೆ ಇನ್ನೊಂದು ಸಣ್ಣ ವ್ಯಾಕರಣದ ಮಾತು. “ಹುಡುಗಿ ಕಪ್ಪಾದರೂ ಲಕ್ಷಣವಾಗಿದ್ದಾಳೆ.” “ಬಂಗಾಲಿಯಾದರೂ ಪ್ರಾಮಾಣಿಕ.” “ನಮಗೆ ಭೇದಭಾವವಿಲ್ಲ, ಆದರೆ…” ಈ ‘ಆದರೂ’, ‘ಆದರೆ’ಗಳನ್ನು ಗಮನಿಸಿ. ವಾನ್ ಡೈಕ್ ಅವರು ಡಚ್ ಮಾತಿನಲ್ಲಿ ಹಿಡಿದ ಕಳ್ಳನೂ ಇವನೇ. ಮೊದಲು ಭೇದವಿಲ್ಲ ಎನ್ನುತ್ತದೆ, ಮುಂದಿನ ಉಸಿರಿನಲ್ಲೇ ಭೇದವನ್ನು ಹೇಳುತ್ತದೆ. ಕಪ್ಪಿಗೂ ಲಕ್ಷಣಕ್ಕೂ ಜಗಳವಿದೆ ಎಂದು ‘ಆದರೂ’ ತಾನೇ ತೀರ್ಪು ಕೊಟ್ಟುಬಿಡುತ್ತದೆ. ಆದರೆ ನಮ್ಮ ಹಳೆಯ ಕನ್ನಡನಾಡಿಗೆ ಕಪ್ಪು ಬಣ್ಣದ ಬಗ್ಗೆ ಈ ನಾಚಿಕೆ ಇರಲಿಲ್ಲ. ಕರಿಯಪ್ಪ, ಕರಿಬಸಪ್ಪ, ಕರಿಯಮ್ಮ, ಕಾಳಮ್ಮ ಎಂದು ಪ್ರೀತಿಯಿಂದ ಹೆಸರಿಟ್ಟರು. ಸ್ವತಂತ್ರ ಭಾರತದ ಸೇನೆಯ ಮೊದಲ ಭಾರತೀಯ ದಂಡನಾಯಕರು ನಮ್ಮ ಕೊಡಗಿನ ಕಾರಿಯಪ್ಪನವರು. ದರ್ಸೇಟಿನ ದೇವಸ್ಥಾನದಲ್ಲಿ ನಾವು ಕೈಮುಗಿಯುವ ಕೃಷ್ಣನ ಹೆಸರಿನ ಅರ್ಥವೇ ಕಪ್ಪು. ಮುಖಕ್ಕೆ ಬಿಳುಪು ತರುತ್ತೇವೆಂದು 1975ರಿಂದ ಮಾರಾಟವಾದ ಕ್ರೀಮು 2020ರಲ್ಲಿ ಹೆಸರಿನಿಂದ ಬಿಳುಪನ್ನು ತೆಗೆದುಹಾಕಿತು. ಕಂಪನಿ ಕೂಡ ಹೆಸರು ಬದಲಿಸಿತು. ನಮ್ಮ ವಧೂವರರ ಜಾಹೀರಾತು ಮಾತ್ರ ಇನ್ನೂ ಬೆಳ್ಳಗಿನ ಕನ್ಯೆಯನ್ನೇ ಹುಡುಕುತ್ತಿದೆ.

ಬಂಧುಗಳೇ, ಮಾತು ಬದಲಾದರೆ ಎಲ್ಲವೂ ಬದಲಾಗುತ್ತದೆಂದು ನಾವು ಹೇಳುತ್ತಿಲ್ಲ. ‘ಎರಡು ಲೇಬರ್’ ಎನ್ನುವ ಬದಲು ‘ಇಬ್ಬರು’ ಎಂದ ಮಾತ್ರಕ್ಕೆ ಯಾರ ಸಂಬಳವೂ ಒಂದು ಬೈಸಾ ಹೆಚ್ಚುವುದಿಲ್ಲ. ಆದರೆ ‘ಎರಡು’ ಎಂದು ಎಣಿಸುವಷ್ಟು ದಿನ ಅವರ ಸಂಬಳ ನಮ್ಮ ತಲೆಗೆ ಬರುವುದೇ ಇಲ್ಲ. ಸಾಮಾನಿಗೆ ಸಂಬಳ ಬಾಕಿ ಇರುವುದಿಲ್ಲ, ಹಸಿವೂ ಇರುವುದಿಲ್ಲ, ಊರಿನಲ್ಲಿ ಕಾಯುವವರೂ ಇರುವುದಿಲ್ಲ. ‘ಇಬ್ಬರು’ ಎಂದೊಡನೆ ಇಬ್ಬರು ಮನುಷ್ಯರು ಕಣ್ಣಮುಂದೆ ಬಂದು ನಿಲ್ಲುತ್ತಾರೆ. ಅವರನ್ನು ಆಮೇಲೆ ಮರೆಯುವುದು ಅಷ್ಟು ಸುಲಭವಲ್ಲ.

ಈ ದೇಶದಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಮಂದಿ ಹೊರಗಿನಿಂದ ಬಂದವರು. ನಾವೂ ಅವರಲ್ಲಿ ಒಬ್ಬರು. ನಮ್ಮನ್ನು ‘ಅನಿವಾಸಿ ಕನ್ನಡಿಗರು’ ಎಂದು ಗೌರವದಿಂದ ಕರೆದುಕೊಳ್ಳುತ್ತೇವೆ. ನಲ್ಲಿ ಸರಿ ಮಾಡಿದ ಬೀದರಿನ ಆ ಅಣ್ಣ ಅನಿವಾಸಿ ಕನ್ನಡಿಗರಲ್ಲವೇ? ಈ ಸಭಾಂಗಣದಲ್ಲಿ ಅವರ ಕುರ್ಚಿ ಎಲ್ಲಿದೆ? ಮುಂದಿನ ರಾಜ್ಯೋತ್ಸವಕ್ಕೆ ಅಂಥವರನ್ನು ಹುಡುಕಿ ಕರೆಯೋಣ. ಊಟ ಬಡಿಸುವ ಕೆಲಸಕ್ಕಲ್ಲ, ನಮ್ಮ ಪಕ್ಕದಲ್ಲಿ ಕೂತು ಉಣ್ಣುವುದಕ್ಕೆ. ಹಾಗೆಯೇ ಮನೆಗೆ ಬಂದವರ ಹೆಸರು ಕೇಳುವುದನ್ನು ಮಕ್ಕಳಿಗೆ ಕಲಿಸೋಣ. ಅವರು ನಿಜವಾಗಿಯೂ ಬಂಗಾಲಿಯಾಗಿದ್ದರೆ ಮರೆಯದೆ ಕಲಿಸೋಣ.

ನಮ್ಮ ಮಗ ಈಗ ದೊಡ್ಡವನಾಗಿದ್ದಾನೆ. ಮೊನ್ನೆ ಬಾಗಿಲ ಗಂಟೆ ಬಾರಿಸಿದಾಗ ಹೋಗಿ ತೆರೆದು, ಒಳಗೆ ಬಂದು ಹೇಳಿದ: “ಅಮ್ಮಾ, ಎ.ಸಿ. ರಿಪೇರಿಗೆ ಇಬ್ಬರು ಬಂದಿದ್ದಾರೆ.” ಅವನಿಗೆ ಅದು ಏನೂ ಅಲ್ಲದ ಮಾತು. ನಮಗೆ ಮಾತ್ರ ಇಷ್ಟು ವರ್ಷ ಅವನಿಗೆ ಕಲಿಸಿದ ಕನ್ನಡ ಸಾರ್ಥಕವಾಯಿತೆನಿಸಿತು.